ಸತ್ತವನು ಮತ್ತೆ ಬಂದದ್ದು ಹೇಗೆ?

ನಮಸ್ಕಾರ ಮೇಡಂ,

ಕೊರಿಯಾದ 'ಇಲ್ ಮಾರೆ' ಚಿತ್ರವನ್ನು ಮಗಳ ಜೊತೆ ಕೂತು ನೋಡಿ ನಮಗೆ ಉದ್ದದ ಪತ್ರ ಬರೆದಿದ್ದೀರಿ. ಮಗಳು ಬಿಕ್ಕಿ ಬಿಕ್ಕಿ ಅತ್ತಳಂತೆ, ನಿಮಗೆ ಮಾತ್ರ ಸಿಟ್ಟು ಬಂತಂತೆ. "ಸತ್ತವನು ಕೊನೆಗೆ ಎದುರು ಬಂದು ನಿಲ್ಲುವುದಾದರೆ ಅಷ್ಟು ಹೊತ್ತು ನಮ್ಮನ್ನು ಯಾಕೆ ಅಳಿಸಬೇಕಿತ್ತು? ಹಾಲಿವುಡ್ ಕಥೆ ಕದ್ದು, ಲೆಕ್ಕ ತಪ್ಪಿದ್ದಾರೆ ಅಷ್ಟೇ" ಅಂದಿದ್ದೀರಿ.

ಕದ್ದ ಮಾತು ಮೊದಲು ಮುಗಿಸಿಬಿಡೋಣ. ಲೀ ಹ್ಯುನ್-ಸಂಗ್ ನಿರ್ದೇಶಿಸಿದ ಈ ಚಿತ್ರ ಬಂದದ್ದು 2000ದಲ್ಲಿ. ನೀವು ನೋಡಿರುವ 'ದಿ ಲೇಕ್ ಹೌಸ್' 2006ರದ್ದು, ಇದರ ರೀಮೇಕ್. ಮೂಲ ಕೊರಿಯಾದ್ದೇ. ಅದರ ನಾಯಕ ಲೀ ಜಂಗ್-ಜೇ ಮುಂದೆ 'ಸ್ಕ್ವಿಡ್ ಗೇಮ್' ಸರಣಿಯಲ್ಲಿ ಲೋಕಕ್ಕೆಲ್ಲ ಪರಿಚಯವಾದವರು. ಮಗಳಿಗೆ ಖಂಡಿತ ಗೊತ್ತಿರುತ್ತದೆ.

ಚಿತ್ರ ನೋಡದವರಿಗಾಗಿ ಕಥೆ ಇಷ್ಟು. ಸಮುದ್ರದ ಅಂಚಿನಲ್ಲಿ ಕಂಬಗಳ ಮೇಲೆ ನಿಂತ ಮನೆ. 1999ರ ಕೊನೆಯಲ್ಲಿ ಉನ್-ಜೂ ಆ ಮನೆ ಬಿಡುತ್ತಾಳೆ. ಹೋಗುವಾಗ, ತನಗೆ ಬರುವ ಪತ್ರಗಳನ್ನು ಹೊಸ ವಿಳಾಸಕ್ಕೆ ಕಳಿಸಿ ಎಂದು ಮುಂದೆ ಬರುವವರಿಗೆ ಕ್ರಿಸ್‌ಮಸ್ ಕಾರ್ಡೊಂದನ್ನು ಅಂಚೆ ಡಬ್ಬಿಯಲ್ಲಿ ಹಾಕುತ್ತಾಳೆ. ಅದು ಸಿಗುವುದು 1997ರ ಡಿಸೆಂಬರ್‌ನಲ್ಲಿ, ಆಗಷ್ಟೇ ಆ ಮನೆಗೆ ಬಂದ ಸುಂಗ್-ಹ್ಯುನ್‌ಗೆ. ಅವನು ಆರ್ಕಿಟೆಕ್ಚರ್ ಓದಿದವನು. ಹೆಸರಾಂತ ಆರ್ಕಿಟೆಕ್ಟ್ ಆದ ಅಪ್ಪನಿಂದ ದೂರವಾದವನು. ಇಬ್ಬರ ನಡುವೆ ಎರಡು ವರ್ಷ, ದಾಟಲು ಇರುವುದು ಆ ಡಬ್ಬಿಯೊಂದೇ.

ಆ ಡಿಸೆಂಬರ್ ಸುಮ್ನೆ ಆರಿಸಿದ್ದು ಅಂತ ನನಗೆ ಅನ್ನಿಸುವುದಿಲ್ಲ. 1997ರ ಡಿಸೆಂಬರ್‌ನಲ್ಲೇ ಕೊರಿಯಾ ದಿವಾಳಿಯ ಅಂಚಿಗೆ ಬಂದು ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಜೊತೆ ಸಾಲದ ಒಪ್ಪಂದ ಮಾಡಿಕೊಂಡಿದ್ದು. ಮುಂದಿನ ತಿಂಗಳುಗಳಲ್ಲಿ ಜನ ಮದುವೆ ಉಂಗುರ ಬಿಚ್ಚಿಕೊಟ್ಟು ದೇಶಕ್ಕೆ ಚಿನ್ನ ಕೂಡಿಸಿದರು. ಎಷ್ಟೋ ಮನೆಗಳಲ್ಲಿ ಕೆಲಸ ಹೋಯಿತು. ಅದನ್ನೆಲ್ಲ ದಾಟಿ 2000ದಲ್ಲಿ ಥಿಯೇಟರಿಗೆ ಬಂದವರಿಗೆ, ಆ ಚಳಿಗಾಲದಲ್ಲಿ ಒಂಟಿಯಾಗಿದ್ದವನಿಗೆ ಮುಂದಿನ ದಿನಗಳಿಂದ ಒಂದು ಪತ್ರ ಬಂತು ಅನ್ನುವುದು ಬರೀ ಪ್ರೇಮಕಥೆಯಾಗಿ ಕಂಡಿರಲಾರದು.

ಈಗ ನಿಮ್ಮ ಲೆಕ್ಕಕ್ಕೆ ಬರುತ್ತೇನೆ. ನೀವು ಹೇಳಿದ್ದು ಸರಿ, ಲೆಕ್ಕ ಕೂಡುವುದಿಲ್ಲ. ಅವಳ ಮಾತಿಗೆ ಕಟ್ಟುಬಿದ್ದು ಹೊರಟವನು ಅಪಘಾತದಲ್ಲಿ ಸಾಯುತ್ತಾನೆ. ಅದು ತಿಳಿದ ಅವಳು ಹೋಗಬೇಡ ಎಂದು ಡಬ್ಬಿಗೆ ಪತ್ರ ಹಾಕುತ್ತಾಳೆ. ಅವನು ಉಳಿದರೆ ಹಿಂದಿನದೆಲ್ಲ ಬದಲಾಗಬೇಕು, ಆಗ ಆ ಪತ್ರ ಬರೆದವರು ಯಾರು? ಇದಕ್ಕೆ ಚಿತ್ರದಲ್ಲಿ ಉತ್ತರವಿಲ್ಲ. ಆದರೆ ಕೊನೆಯ ದೃಶ್ಯವನ್ನು ಇನ್ನೊಮ್ಮೆ ಹಾಕಿ ನೋಡಿ. ಉನ್-ಜೂ ಮನೆ ಬಿಡುತ್ತಿದ್ದಾಳೆ. ಡಬ್ಬಿಗೆ ಕಾರ್ಡ್ ಹಾಕಬೇಕು, ಇನ್ನೂ ಹಾಕಿಲ್ಲ. ಅಷ್ಟರಲ್ಲಿ ಅವನು ಬರುತ್ತಾನೆ. ಈಗಿನಿಂದ ಒಂದು ಉದ್ದದ ಕಥೆ ಹೇಳಬೇಕು, ನಂಬುತ್ತೀಯಾ ಎಂಬಂತೆ ಕೇಳುತ್ತಾನೆ.

ಎದುರಿಗಿರುವ ಈ ಹುಡುಗಿ ಅವನಿಗೆ ಒಂದು ಸಾಲೂ ಬರೆದಿಲ್ಲ ಮೇಡಂ! ಅವನನ್ನು ಪ್ರೀತಿಸಿಲ್ಲ, ಅವನ ಸಾವಿಗೆ ಅತ್ತಿಲ್ಲ. ನಾವು ನೋಡಿದ್ದೆಲ್ಲ ಈಗ ಅವನೊಬ್ಬನ ನೆನಪು. ಸತ್ತವನು ಬಂದ, ನಿಜ. ಆದರೆ ಪತ್ರ ಬರೆದವಳು ಹೋಗಿಬಿಟ್ಟಳು. ನಿಮ್ಮ ಮಗಳು ಸುಖಾಂತ್ಯ ನೋಡಿಯೂ ಅತ್ತಳಲ್ಲ, ಅವಳಿಗೆ ಇದು ತಟ್ಟಿರಬೇಕು.

ನಿರ್ದೇಶಕರು ಇದಕ್ಕೆ ಮೊದಲೇ ನಮ್ಮನ್ನು ತಯಾರು ಮಾಡಿದ್ದಾರೆ. ಹಿಂದೊಮ್ಮೆ ರೈಲು ನಿಲ್ದಾಣದಲ್ಲಿ ತನ್ನ ಪುಟ್ಟ ಟೇಪ್ ಪ್ಲೇಯರ್ ಕಳೆದುಹೋಯಿತು ಅಂತ ಉನ್-ಜೂ ಬರೆದಿರುತ್ತಾಳೆ. ಅವನು ಆ ದಿನ ಅಲ್ಲಿಗೆ ಹೋಗುತ್ತಾನೆ. ಅವಳು ಕಣ್ಣೆದುರೇ ಇದ್ದಾಳೆ, ಅವನ್ಯಾರೋ ಅವಳಿಗೆ ಗೊತ್ತಿಲ್ಲ. ಮರೆತುಹೋದ ಪ್ಲೇಯರನ್ನು ಎತ್ತಿಕೊಂಡು ಬಂದು ಡಬ್ಬಿಯಲ್ಲಿಡುತ್ತಾನೆ. ಗುರುತಿಲ್ಲದವಳ ಮುಂದೆ ಹಾಗೆ ನಿಂತವನೇ ಕೊನೆಯ ದೃಶ್ಯದಲ್ಲೂ ನಿಲ್ಲುವುದು. ಈ ಸಲ ಮಾತಾಡುತ್ತಾನೆ, ಅಷ್ಟೇ ವ್ಯತ್ಯಾಸ.

'ದಿ ಲೇಕ್ ಹೌಸ್'ನಲ್ಲಿ ನಾಯಕಿಗೆ ಎಲ್ಲ ನೆನಪಿರುತ್ತದೆ. ನಾಯಕ ಎರಡು ವರ್ಷ ಕಾದು ಬರುತ್ತಾನೆ, ಇಬ್ಬರೂ ಅಪ್ಪಿಕೊಳ್ಳುತ್ತಾರೆ. ನೋಡಲು ಹಿತ, ಆದರೆ ಯಾರೂ ಏನೂ ಕಳೆದುಕೊಳ್ಳುವುದಿಲ್ಲ. ನನಗೆ ಮೂಲವೇ ಜಾಸ್ತಿ ಇಷ್ಟ.

ಲೆಕ್ಕ ಕೂಡುವ ಕಥೆಯೇ ಬೇಕು ಅಂದರೆ ಅದೇ 2000ದ ಕೊರಿಯನ್ ಚಿತ್ರ 'ಡಿಟ್ಟೋ' ನೋಡಿ. ಅಲ್ಲಿ ಅಂಚೆ ಡಬ್ಬಿಯ ಜಾಗದಲ್ಲಿ ಹ್ಯಾಮ್ ರೇಡಿಯೋ, ಅಂದರೆ ಹವ್ಯಾಸಿಗಳು ದೂರದವರ ಜೊತೆ ಮಾತಾಡಲು ಬಳಸುವ ರೇಡಿಯೋ. 1979ರ ಕಾಲೇಜು ಹುಡುಗಿ, 2000ದ ಹುಡುಗ, ಒಂದೇ ವಿಶ್ವವಿದ್ಯಾಲಯ. ಕ್ಯಾಂಪಸ್ಸಿನ ಗಡಿಯಾರ ಗೋಪುರದ ಹತ್ತಿರ ಸಿಗೋಣ ಅಂತ ಮಾತಾಗುತ್ತದೆ. ಅವಳು ಕಾಯುವ ಗೋಪುರವನ್ನು ಇನ್ನೂ ಕಟ್ಟುತ್ತಿದ್ದಾರೆ, ಅವನು ಕಾಯುವ ಹೊತ್ತಿಗೆ ಅದು ಹಳೆಯದಾಗಿದೆ. ಇಬ್ಬರೂ ಬಂದಿದ್ದಾರೆ, ಇಬ್ಬರಿಗೂ ಮೋಸ ಹೋದೆ ಅನ್ನಿಸುತ್ತದೆ. ಆಮೇಲೆ ಅವಳಿಗೆ ತನ್ನ ಬದುಕಿನ ಬಗ್ಗೆ ಒಂದು ಸತ್ಯ ತಿಳಿಯುತ್ತದೆ. ಅದನ್ನು ತಿಳಿದು ಅವಳು ಏನು ಮಾಡಿದಳು ಅನ್ನುವುದನ್ನು ನಾನಿಲ್ಲಿ ಹೇಳುವುದಿಲ್ಲ. 2022ರಲ್ಲಿ ಇದೇ ಹೆಸರಿನ ರೀಮೇಕ್ ಬಂದಿದೆ, ಗೊಂದಲ ಮಾಡಿಕೊಳ್ಳಬೇಡಿ, ಹಳೆಯದನ್ನೇ ಹುಡುಕಿ. ಈ ಸಲವೂ ಮಗಳ ಜೊತೆಗೇ ನೋಡಿ, ಇಬ್ಬರಲ್ಲಿ ಯಾರು ಅತ್ತಿರಿ ಅಂತ ಬರೆಯಿರಿ.

– ಸಂಪಾದಕ