ಮಡಿಕೇರಿ ಆಕಾಶವಾಣಿಯಲ್ಲಿ ಕೊಡಗಿನ ಸುದ್ದಿ, ಭಾಷಣ, ಸಂದರ್ಶನ ಬರುತ್ತಾ, ಇಲ್ಲಾ ಎಲ್ಲಾ ಬೆಂಗಳೂರು-ದಿಲ್ಲಿಯದ್ದೇನಾ?

ಸುಂಟಿಕೊಪ್ಪದ ತೋಟಕ್ಕೆ ಹೊಸದಾಗಿ ಬಂದಿದ್ದೀರಿ ಅಂದಿರಿ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನೀವು ಕೇಳಿದ ಮೂರಕ್ಕೂ ಉತ್ತರ ಒಂದೇ ಅಲ್ಲ.

ಸುದ್ದಿಯ ಮಟ್ಟಿಗೆ ನಿಮ್ಮ ಅನುಮಾನ ಸರಿ. ರಾಜ್ಯದ ವಾರ್ತೆಯಾದ ಪ್ರದೇಶ ಸಮಾಚಾರ ಬೆಂಗಳೂರಿನ ಸುದ್ದಿ ವಿಭಾಗದಲ್ಲಿ ತಯಾರಾಗುತ್ತದೆ, ಮಡಿಕೇರಿಯ ಎಫ್‌ಎಂ 103.1 ಅದನ್ನು ಮರುಪ್ರಸಾರ ಮಾಡುತ್ತದೆ. ಇಡೀ ರಾಜ್ಯ ಆ ಕೆಲವೇ ನಿಮಿಷದಲ್ಲಿ ಹಿಡಿಸಬೇಕಲ್ಲ, ಹಾಗಾಗಿ ಕೊಡಗಿನ ಹೆಸರು ಕೇಳಿಸುವುದು ಹಾರಂಗಿ ಜಲಾಶಯ ತುಂಬಿ 2859 ಅಡಿ ಮುಟ್ಟಿದಾಗ, ಭಾಗಮಂಡಲದ ಸಂಗಮ ಉಕ್ಕಿದಾಗ, ಕಾಡಾನೆ ಯಾರನ್ನಾದರೂ ತುಳಿದಾಗ. ಸಿದ್ದಾಪುರದಂಥ ಊರಿನ ಸುದ್ದಿ ಬೇಕಾದರೆ ಮಡಿಕೇರಿಯ ‘ಶಕ್ತಿ’ ಪತ್ರಿಕೆ ತರಿಸಿಕೊಳ್ಳಿ. ಖಾಸಗಿ ಎಫ್‌ಎಂನವರನ್ನು ನಂಬಿಯೂ ಪ್ರಯೋಜನವಿಲ್ಲ; ಸ್ವಂತ ವಾರ್ತೆ ಓದುವುದಕ್ಕೆ ಅವರಿಗೆ ಅನುಮತಿಯೇ ಇಲ್ಲ, ಹಾಕಿದರೆ ಆಕಾಶವಾಣಿಯ ಬುಲೆಟಿನ್ನನ್ನೇ ಬದಲಿಸದೆ ಹಾಕಬೇಕು.

ದೊಡ್ಡ ಭಾಷಣಗಳು ದಿಲ್ಲಿಯವೇ: ಕೆಂಪುಕೋಟೆಯದ್ದು, ತಿಂಗಳ ಕೊನೆಯ ಭಾನುವಾರದ ಮನ್ ಕಿ ಬಾತ್, ಅದರ ಕನ್ನಡ ರೂಪ. ಅದಕ್ಕೋಸ್ಕರ ಈ ಕೇಂದ್ರವೇ ಬೇಕೆಂದಿಲ್ಲ.

ಈ ಕೇಂದ್ರ ನಮ್ಮದು ಅನ್ನಿಸುವುದು ಸಂದರ್ಶನಗಳಲ್ಲಿ. ಕನ್ನಡದ ಜೊತೆ ಕೊಡವ ತಕ್ಕ್‌ನಲ್ಲಿ, ಅರೆಭಾಷೆಯಲ್ಲಿ ಮಾತುಕತೆ ಕೇಳಬೇಕೆಂದರೆ ರೇಡಿಯೊದಲ್ಲಿ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದವರೋ ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದವರೋ ಕಾಫಿಯ ಕಾಯಿಕೊರಕ ಹುಳದ ಬಗ್ಗೆ, ಕರಿಮೆಣಸಿನ ಸೊರಗು ರೋಗದ ಬಗ್ಗೆ ಮಾತಾಡಿದರೆ ಬಿಡಬೇಡಿ, ನಿಮ್ಮ ಕೆಲಸಕ್ಕೇ ಬರುತ್ತದೆ. ಬೆಳೆಗಾರರೂ ಹಳೆಯ ಹಾಕಿ ಆಟಗಾರರೂ ತಮ್ಮ ಭಾಷೆಯಲ್ಲೇ ಬಾಯಿಬಿಟ್ಟಾಗ ಮಾತಿಗೆ ಬೇರೆಯೇ ಸಲುಗೆ. ಅಧಿಕಾರಿಗಳ ಸಂದರ್ಶನ ಮಾತ್ರ ಸಪ್ಪೆ. ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಅನ್ನುತ್ತಾರೆ, ಯಾವಾಗ ಅಂತ ಯಾರೂ ಕೇಳುವುದಿಲ್ಲ. ಸರ್ಕಾರಿ ದುಡ್ಡಿನ ರೇಡಿಯೊದಲ್ಲಿ ಮಂತ್ರಿಯನ್ನು ಅಡ್ಡಗಟ್ಟಿ ಪ್ರಶ್ನೆ ಹಾಕುತ್ತಾರೆಂದು ನಾನಂತೂ ಕಾಯುವುದಿಲ್ಲ.

ಆದರೂ ಮಳೆಗಾಲದಲ್ಲಿ ಅದೇ ಸಪ್ಪೆ ಮಾತು ಬೇಕಾಗುತ್ತದೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಜಾರಿದಾಗ ಎಷ್ಟೋ ಊರುಗಳಲ್ಲಿ ರಸ್ತೆಯೂ ಇಲ್ಲ, ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಅಂಥ ಹೊತ್ತಿನಲ್ಲಿ ವಾಟ್ಸಾಪ್ ಇದ್ದರೂ ಅರ್ಧ ಗಾಳಿಸುದ್ದಿ. ಯಾವ ರಸ್ತೆ ಬಂದ್, ಶಾಲೆಗೆ ರಜೆ ಉಂಟೋ ಇಲ್ಲವೋ ಅನ್ನುವುದು ಜಿಲ್ಲಾಡಳಿತದ ಬಾಯಿಂದಲೇ ಬರಬೇಕು. ಶೆಲ್ ಹಾಕುವ ಸಣ್ಣ ರೇಡಿಯೊ ಒಂದನ್ನು ಕೆಲಸಗಾರರ ಲೈನ್ ಮನೆಗಳ ಕಡೆಗೂ ಇಡಿಸಿ.

ಎಫ್‌ಎಂ ಅಲೆ ಗುಡ್ಡದ ಹಿಂದಕ್ಕೆ ಬಾಗಿ ಹೋಗುವುದಿಲ್ಲ. ತೋಟದ ತಗ್ಗಿನಲ್ಲಿ ಗೊರಗೊರ ಅಂದರೆ ಸ್ವಲ್ಪ ಎತ್ತರಕ್ಕೆ ಹೋಗಿ ನೋಡಿ. ನೆಟ್ ಇದ್ದರೆ ನ್ಯೂಸ್ ಆನ್ ಏರ್ ಆಪ್‌ನಲ್ಲಿ ಕೇಳಿ. ಬೆಂಗಳೂರಿನ ವಾರ್ತೆ ಅಲ್ಲಿ ಆಮೇಲೂ ಸಿಗುತ್ತದೆ. ಮಡಿಕೇರಿಯ ಸಂದರ್ಶನ ಹಾಗೆ ಸಿಗುತ್ತದೆಂದು ನಂಬಿ ಕೂರಬೇಡಿ, ಬೇಕೆನಿಸಿದ್ದನ್ನು ಪ್ರಸಾರವಾಗುವಾಗಲೇ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ.