ಹಳ್ಳಿಯಲ್ಲಿ ಅಸ್ತಮಾ ಶಿಬಿರ ಮಾಡಲು ಸರ್ಕಾರದ ಅನುದಾನ ಸಿಗುತ್ತದೆಯೇ?

ಊರಲ್ಲಿ ದಮ್ಮಿನವರು ಬಹಳ ಇದ್ದಾರೆ, ದೊಡ್ಡ ಶಿಬಿರ ಮಾಡೋಣವೆಂದರೆ ದುಡ್ಡು ಯಾವ ಲೆಕ್ಕದಿಂದ ಬರುತ್ತದೆ ಎಂದು ಕೇಳಿದ್ದೀರಿ. ನಾನು ಮುಧೋಳ ಕಡೆಯವನು. ಒಂದು ಅವಧಿಗೆ ಪಂಚಾಯಿತಿ ಸದಸ್ಯನಾಗಿದ್ದೆ, ಗ್ರಾಮ ಆರೋಗ್ಯ ಸಮಿತಿಯ ಚೆಕ್ಕಿಗೆ ಸಹಿ ಹಾಕಿದ್ದೇನೆ. ಆ ಅನುಭವದಲ್ಲಿ ಹೇಳುತ್ತೇನೆ ನೋಡ್ರಿ.

ಕ್ಷಯಕ್ಕಿರುವಂತೆ ಅಸ್ತಮಾಕ್ಕೆ ಪ್ರತ್ಯೇಕ ರಾಷ್ಟ್ರೀಯ ಕಾರ್ಯಕ್ರಮವಿಲ್ಲ. ಬಿಪಿ, ಶುಗರ್, ಕ್ಯಾನ್ಸರ್ ನೋಡುವ ಅಸಾಂಕ್ರಾಮಿಕ ರೋಗಗಳ ಕಾರ್ಯಕ್ರಮದೊಳಗೇ ಅದನ್ನೂ ಸೇರಿಸಿದ್ದಾರೆ. ದುಡ್ಡು ರಾಷ್ಟ್ರೀಯ ಆರೋಗ್ಯ ಅಭಿಯಾನದ್ದು, ನೂರಕ್ಕೆ 60 ಕೇಂದ್ರ, 40 ರಾಜ್ಯ. ಆಶಾ ಮನೆಗೆ ಬಂದು ತುಂಬುವ ಫಾರ್ಮಿನಲ್ಲಿ ಉಸಿರಾಟದ ತೊಂದರೆಯ ಪ್ರಶ್ನೆ ಇದೆ, ಆದರೆ ಅದು 30 ದಾಟಿದವರಿಗೆ. ಕಬ್ಬಿನ ರವದಿ ಸುಡುವ ತಿಂಗಳಲ್ಲಿ ರಾತ್ರಿಯಿಡೀ ಗೋಡೆಗೊರಗಿ ಕೂತು ಬೆಳಗು ಮಾಡುವ ಹತ್ತು ವರ್ಷದ ಹುಡುಗ ಅದರಲ್ಲಿ ಬರುವುದೇ ಇಲ್ಲ. ಅವನನ್ನು ಶಾಲೆಗೆ ಬರುವ ಬಾಲ ಸ್ವಾಸ್ಥ್ಯ ತಂಡಕ್ಕೆ ತೋರಿಸಬೇಕು. ಆ ದಿನ ಅವನು ಶಾಲೆಯಲ್ಲಿರಬೇಕು, ಅದೇ ಫಜೀತಿ.

ಊರಿನ ಕೈಗೆ ನೇರವಾಗಿ ಬರುವುದು ಸಮಿತಿಯ ಮುಕ್ತ ನಿಧಿ, ಅಂದರೆ ಯಾವುದಕ್ಕೆ ಖರ್ಚೆಂದು ಸಮಿತಿಯೇ ತೀರ್ಮಾನಿಸುವ ದುಡ್ಡು, ವರ್ಷಕ್ಕೆ 10,000 ರೂಪಾಯಿವರೆಗೆ. ನಮ್ಮ ಕಾಲಕ್ಕೆ ಬಹುಪಾಲು ಬ್ಲೀಚಿಂಗ್ ಪುಡಿಗೇ ಹೋಯಿತು. ಒಮ್ಮೆ ನಾವೂ ಊರವರಿಂದ ಪಟ್ಟಿ ಎತ್ತಿ ಶಿಬಿರ ಮಾಡಿದೆವು. ಪೆಂಡಾಲು, ಬ್ಯಾನರು, ಉಪ್ಪಿಟ್ಟು. ನಾಲ್ಕು ದಿನದ ಮಾತ್ರೆ ಹಂಚಿದರು. ಐದನೇ ದಿನ ಅದೇ ಜನ ಇಂಜೆಕ್ಷನ್‌ಗೆ ಪಾಳಿ ಹಚ್ಚಿದ್ದರು.

ಹಾಗಾಗಿ ಶಿಬಿರ ಬಿಡಿ. ಆಶಾ ಜೊತೆ ಓಣಿ ತಿರುಗಿ ದಮ್ಮಿನವರ ಹೆಸರು ಬರೆಯಿರಿ, ತಿಂಗಳಿಗೆಷ್ಟು ಪಂಪ್ (ಬಾಯಿಂದ ಔಷಧಿ ಎಳೆಯುವ ಇನ್‌ಹೇಲರ್) ಬೇಕು ಎಂದು ಲೆಕ್ಕ ಹಾಕಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ಲಿಖಿತವಾಗಿ ಕೊಡಿ. ತಕ್ಷಣ ಉಸಿರು ಸರಾಗ ಮಾಡುವ ಸಾಲ್ಬುಟಮಾಲ್ ಒಂದೇ ಕೇಳಬೇಡಿ. ಶ್ವಾಸನಾಳದ ಬಾವು ಇಳಿಸಲು ದಿನಾ ಎಳೆಯುವ ಬುಡೆಸೊನೈಡ್ ಕೂಡ ಬೇಕು. ಎರಡೂ ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಲ್ಲಿವೆ, ಇದನ್ನು ಅರ್ಜಿಯಲ್ಲೇ ಬರೆಯಿರಿ.

ಪಂಪಿಗೂ ಬಾಯಿಗೂ ನಡುವೆ ಇಡುವ ಸ್ಪೇಸರ್ ಎಂಬ ಡಬ್ಬಿಗೆ ದುಡ್ಡಿಲ್ಲವೆಂದರೆ ಅರ್ಧ ಲೀಟರ್ ನೀರಿನ ಬಾಟಲಿ ಸಾಕು. ಕಾಯಿಸಿದ ತಂತಿಯಿಂದ ತಳದಲ್ಲಿ ಪಂಪಿನ ಬಾಯಿಗೆ ಬಿಗಿಯಾಗುವಂತೆ ತೂತು ಕೊರೆದು, ಸಾಬೂನು ನೀರಲ್ಲಿ ಅದ್ದಿ, ಒರೆಸದೆ ಒಣಗಿಸಿ. ಮಗು ಬಾಟಲಿಯ ಬಾಯಿಂದ ಉಸಿರೆಳೆದರಾಯಿತು. ‘ಪಂಪ್ ಚಟ ಹತ್ತತದ’ ಎನ್ನುವ ಅಜ್ಜಿಯರನ್ನು ಒಪ್ಪಿಸುವುದು ಇದಕ್ಕಿಂತ ಕಷ್ಟ.

ಅರ್ಜಿಯನ್ನು ದಸರಾ ಒಳಗೇ ಕೊಡಿ. ಸಕ್ಕರೆ ಕಾರ್ಖಾನೆ ಹಂಗಾಮು ಶುರುವಾಗಿ ರವದಿಯ ಹೊಗೆ ಎದ್ದ ಮೇಲೆ ಕೊಟ್ಟರೆ ಪಂಪ್ ಬರುವಷ್ಟರಲ್ಲಿ ಯುಗಾದಿ ಆಗಿರುತ್ತದೆ.