ಕ್ಯಾಲಿಫೋರ್ನಿಯಾದ ಶಾಲೆಗೆ ಮಕ್ಕಳು ಏನು ತೊಟ್ಟು ಹೋಗಬೇಕು?

ಮೂರನೆಯ ತರಗತಿಯ ಮಗ ಮತ್ತು ಏಳನೆಯ ತರಗತಿಯ ಮಗಳೊಂದಿಗೆ ಆಗಸ್ಟ್‌ನಲ್ಲಿ ಬೆಂಗಳೂರಿನಿಂದ ಸ್ಯಾನ್ ಹೊಸೆಗೆ ಬರುತ್ತಿರುವ ತಾವು, ಇಲ್ಲಿನ ಪಬ್ಲಿಕ್, ಅಂದರೆ ಸರ್ಕಾರಿ ಶಾಲೆಗಳಲ್ಲಿ ಸಮವಸ್ತ್ರವಿದೆಯೇ, ಇಲ್ಲವಾದರೆ ಏನೇನು ಹೊಲಿಸಿಕೊಂಡು ಬರಬೇಕು ಎಂದು ಕೇಳಿದ್ದೀರಿ. ದಯವಿಟ್ಟು ಏನನ್ನೂ ಹೊಲಿಸಬೇಡಿ. ಟೈ, ಬೆಲ್ಟು, ಶನಿವಾರದ ಬಿಳಿ ಕ್ಯಾನ್ವಾಸ್ ಶೂ ಇವೆಲ್ಲ ಅಲ್ಲಿಯೇ ಇರಲಿ.

ಈ ಭಾಗದ ಹೆಚ್ಚಿನ ಪಬ್ಲಿಕ್ ಶಾಲೆಗಳಲ್ಲಿ ಸಮವಸ್ತ್ರವಿಲ್ಲ. ಆದರೆ ಇದೇ ರಾಜ್ಯದ ಲಾಂಗ್ ಬೀಚ್‌ನಲ್ಲಿ 1994ರಲ್ಲಿಯೇ ಎಲಿಮೆಂಟರಿ (ಕೆಳಗಿನ ತರಗತಿಗಳ) ಮತ್ತು ಮಿಡಲ್ (ಮಧ್ಯದ ತರಗತಿಗಳ) ಶಾಲೆಗಳಿಗೆ ಅದನ್ನು ತಂದರು. ಆದ್ದರಿಂದ ಎಲ್ಲಿಯೂ ಇಲ್ಲವೆಂದು ಭಾವಿಸದೆ ನಿಮ್ಮ ಶಾಲೆಯ ಹ್ಯಾಂಡ್‌ಬುಕ್ಕನ್ನು, ಅಂದರೆ ನಿಯಮಗಳ ಕೈಪಿಡಿಯನ್ನು ಓದಿಕೊಳ್ಳಿ. ಒಂದು ವೇಳೆ ಇದ್ದರೂ, ಬೇಡವೆನ್ನುವ ತಂದೆತಾಯಿಗಳಿಗೆ ವಿನಾಯಿತಿ ಪಡೆಯುವ ದಾರಿಯನ್ನು ರಾಜ್ಯದ ಕಾನೂನೇ ಇಟ್ಟಿದೆ.

ಮಗನ ವಿಷಯ ಸುಲಭ. ಎಲಿಮೆಂಟರಿ ಶಾಲೆಯವರು ಅಂಗಿಗಿಂತ ಕಾಲಿನ ಕಡೆಗೇ ಹೆಚ್ಚು ನೋಡುತ್ತಾರೆ. ಬಿಡುವಿನಲ್ಲಿ ಮಕ್ಕಳು ಓಡುವುದು, ಕಂಬಿ ಹತ್ತುವುದು ಇದ್ದೇ ಇರುವುದರಿಂದ ಬೆರಳು ಮುಚ್ಚುವ, ಹಿಮ್ಮಡಿ ಹಿಡಿಯುವ ಶೂ ಬೇಕು. ಹವಾಯಿ ಚಪ್ಪಲಿ ನಡೆಯದು. ಬೆಳಿಗ್ಗೆ ಚಳಿ, ಮಧ್ಯಾಹ್ನ ಬಿಸಿಲು ಇರುವ ಊರಾದ್ದರಿಂದ ಜಾಕೆಟ್ ಬಿಚ್ಚಿ ಎಲ್ಲೋ ಎಸೆದು ಬರುತ್ತಾನೆ. ಒಳಗೆ ಹೆಸರು ಬರೆದಿರಿ. ತರಗತಿಯೊಳಗೆ ಟೋಪಿ ತೆಗೆಯಬೇಕೆನ್ನುವ ಶಾಲೆಗಳುಂಟು, ಆದರೆ ಹೊರಗಿನ ಬಿಸಿಲಿನಲ್ಲಿ ತೊಡಲು ಬಿಡಲೇಬೇಕೆಂದು ರಾಜ್ಯದ ಕಾನೂನಿದೆ.

ತೊಡಕೆಲ್ಲ ಮಗಳು ಹೋಗುವ ಮಿಡಲ್ ಶಾಲೆಯಲ್ಲಿ. ಒಳಉಡುಪು ಕಾಣಬಾರದು, ಮದ್ಯ, ತಂಬಾಕು, ಮಾದಕವಸ್ತು, ಆಯುಧಗಳ ಚಿತ್ರವಾಗಲಿ ಹೆಸರಾಗಲಿ ಅಂಗಿಯ ಮೇಲಿರಬಾರದು ಎಂಬುವು ಬಹುತೇಕ ಎಲ್ಲೆಡೆ ಇರುವ ನಿಯಮಗಳು. ಹೊಟ್ಟೆ ಕಾಣುವ ಅಂಗಿ, ತೀರಾ ಸಣ್ಣ ಪಟ್ಟಿಯ ಟಾಪ್, ಚಡ್ಡಿಯ ಉದ್ದ ಇವುಗಳ ಬಗ್ಗೆ ಮಾತ್ರ ಶಾಲೆಯಿಂದ ಶಾಲೆಗೆ ವ್ಯತ್ಯಾಸವಿದೆ. ಕೈ ಇಳಿಬಿಟ್ಟಾಗ ಬೆರಳ ತುದಿ ಮುಟ್ಟುವಷ್ಟು ಉದ್ದವಿರಬೇಕೆಂಬ ಹಳೆಯ ಅಳತೆಯನ್ನು ಕೆಲವರು ಕೈಬಿಟ್ಟಿದ್ದಾರೆ, ಕೆಲವರು ಬಿಟ್ಟಿಲ್ಲ. ನಿಯಮ ಎಲ್ಲರಿಗೂ ಒಂದೇ ಎಂದು ಬರೆದಿದ್ದರೂ ಕಚೇರಿಗೆ ಕರೆಸಿಕೊಳ್ಳುವವರಲ್ಲಿ ಹುಡುಗಿಯರೇ ಹೆಚ್ಚೆಂಬುದು ನನ್ನ ಅನಿಸಿಕೆ, ಮತ್ತು ಅದು ನನಗೆ ಸರಿ ಕಂಡಿಲ್ಲ. ನಿಮ್ಮ ಮಗಳಿಗೆ ಹಾಗಾದರೆ ಅವಳನ್ನು ಗದರಿಸುವ ಮೊದಲು ಯಾವ ನಿಯಮ ಮುರಿಯಿತೆಂಬುದನ್ನು ಬರಹದಲ್ಲಿ ತೋರಿಸುವಂತೆ ಶಾಲೆಯನ್ನು ವಿನಯದಿಂದ ಕೇಳಿ.

ಅಂಗಿಯ ಮೇಲೆ ಅಭಿಪ್ರಾಯ ಬರೆದುಕೊಂಡು ಹೋಗುವುದು ಬೇರೆ ಮಾತು. ವಿಯೆಟ್ನಾಂ ಯುದ್ಧದ ವಿರುದ್ಧ ತೋಳಿಗೆ ಕಪ್ಪು ಪಟ್ಟಿ ಕಟ್ಟಿದ ಅಯೋವಾ ರಾಜ್ಯದ ವಿದ್ಯಾರ್ಥಿಗಳ ಪರವಾಗಿ 1969ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಅವರಲ್ಲೊಬ್ಬಳಾದ ಮೇರಿ ಬೆತ್ ಟಿಂಕರ್‌ಗೆ ಪಟ್ಟಿ ಕಟ್ಟಿದಾಗ ಹದಿಮೂರೇ ವರ್ಷ. ಪಾಠಕ್ಕೆ ಗಣನೀಯವಾಗಿ ಅಡ್ಡಿಯಾಗದ ಅಂತಹ ಅಭಿವ್ಯಕ್ತಿಗೆ ಅಂದಿನಿಂದಲೂ ರಕ್ಷಣೆಯಿದೆ.

ಪಿಇ, ಅಂದರೆ ವ್ಯಾಯಾಮದ ತರಗತಿಗೆ ಮಿಡಲ್ ಶಾಲೆಯಲ್ಲಿ ಬಟ್ಟೆ ಬದಲಿಸಬೇಕಾಗಬಹುದು. ಇತರರೊಂದಿಗೆ ಲಾಕರ್ ಕೋಣೆಯಲ್ಲಿ ಬದಲಿಸುವುದು ನಮ್ಮ ಮಕ್ಕಳಿಗೆ ಮೊದಲು ಮುಜುಗರ ತರುತ್ತದೆ, ಇದನ್ನು ಊರಿನಲ್ಲಿದ್ದಾಗಲೇ ಹೇಳಿಟ್ಟರೆ ಒಳ್ಳೆಯದು. ಶಾಲೆಯ ಹೆಸರಿರುವ ಅಂಗಿಯನ್ನೇ ಕೊಳ್ಳಬೇಕಾಗಿಲ್ಲ, ಅದೇ ಬಣ್ಣದ ಸಾದಾ ಅಂಗಿ ಸಾಕು.

ಕುಂಕುಮ, ವಿಭೂತಿ, ಮೆಹಂದಿ, ಜನಿವಾರಗಳಿಗೆ ತಡೆಯಿಲ್ಲ. ಸಹಪಾಠಿಗಳು ಕೇಳಿದರೆ ಮಕ್ಕಳಿಗೆ ಒಂದೆರಡು ಮಾತಿನ ಉತ್ತರ ಗೊತ್ತಿರಲಿ. ಚಿನ್ನವನ್ನು ಮಾತ್ರ ಕಳುಹಿಸಬೇಡಿ. ಜುಮುಕಿ, ಬಳೆಗಳನ್ನು ಪಿಇಯಲ್ಲಿ ತೆಗೆಯಲು ಹೇಳುತ್ತಾರೆ, ತೆಗೆದಿಟ್ಟದ್ದು ಕಳೆದರೆ ಶಾಲೆ ಹೊಣೆ ಹೊರುವುದಿಲ್ಲ. ಅಜ್ಜಿ ಕೊಟ್ಟ ಓಲೆಯಾದರೆ ಮನೆಯಲ್ಲಿ ಆಗುವ ರಾದ್ಧಾಂತ ನಿಮಗೇ ಗೊತ್ತು.

ಶಾಲೆಯ ಇಮೇಲುಗಳನ್ನು ತಪ್ಪದೆ ಓದಿ. ಪೈಜಾಮಾ ದಿನ, ವಿಚಿತ್ರ ಕೂದಲಿನ ದಿನ ಎಂದು ಬರುತ್ತಲೇ ಇರುತ್ತವೆ, ಎಲ್ಲರೂ ರಾತ್ರಿಯುಡುಪಿನಲ್ಲಿ ಬಂದ ದಿನ ಒಬ್ಬನೇ ಇಸ್ತ್ರಿ ಅಂಗಿಯಲ್ಲಿ ಕೂತರೆ ಎಂಟು ವರ್ಷದ ಹುಡುಗನಿಗೆ ಅದು ಸಣ್ಣ ದುಃಖವಲ್ಲ. ಹ್ಯಾಲೋವೀನ್ ವೇಷಕ್ಕೆ ಮುಖವಾಡ, ಆಟಿಕೆ ಕತ್ತಿಗಳನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಬಂದ ಮೇಲೆ ಇಬ್ಬರಿಗೂ ಒಂದು ವಾರಕ್ಕಾಗುವಷ್ಟೇ ಕೊಳ್ಳಿ. ಉಳಿದದ್ದನ್ನು ತರಗತಿಯವರೆಲ್ಲ ಏನು ತೊಡುತ್ತಾರೆಂದು ಮಗಳು ನೋಡಿಕೊಂಡು ಬಂದ ನಂತರ ಅವಳೇ ಆರಿಸಲಿ.